ಅಪ್ಪ ಆಗಲೇ ಬೆಟ್ ಕಟ್ಟಿದ್ದಾನೆ

ಹೋದ ತಿಂಗಳು ಕೋರಮಂಗಲದ ಒಂದು ಕಾಫಿ ಅಂಗಡಿಯಲ್ಲಿ ನನ್ನ ಹಳೇ ಟೀಮಿನ ಗೆಳೆಯನೊಬ್ಬ ಸಿಕ್ಕಿದ್ದ. ಕೆಲಸ ಬಿಟ್ಟು ಸ್ವಂತದ್ದೇನೋ ಶುರು ಮಾಡ್ತಿದ್ದಾನೆ. ಟಿಶ್ಯೂ ಪೇಪರಿನ ಮೇಲೆ ಪೆನ್ನಿನಲ್ಲಿ ಒಂದು ಪ್ರಶ್ನೆ ಬರೆದು ನನ್ನ ಕಡೆ ತಳ್ಳಿದ: "ಬಂಗಾರಪೇಟೆ ತಾಲ್ಲೂಕು ಅಕ್ಟೋಬರ್ 31ರೊಳಗೆ ತೀವ್ರ ಬರಪೀಡಿತ ಅಂತ ಘೋಷಣೆ ಆಗುತ್ತಾ? ಹೌದು ಅಥವಾ ಇಲ್ಲ."

ಬಂಗಾರಪೇಟೆ ಅಂತ ಬರೆದಿದ್ದು ನನಗೋಸ್ಕರ. ನಮ್ಮೂರು ಬೇತಮಂಗಲ ಅಂತ ಅವನಿಗೆ ಗೊತ್ತು. ಅದು ಈಗ ಕೆಜಿಎಫ್ ತಾಲ್ಲೂಕಿಗೆ ಸೇರಿದೆ ಅಂತ ಗೊತ್ತಿಲ್ಲ, ಇರಲಿ ಬಿಡಿ.

ಲೆಕ್ಕ ಸರಳ. "ಹೌದು" ಅನ್ನೋ ಚೀಟಿ, "ಇಲ್ಲ" ಅನ್ನೋ ಚೀಟಿ, ಎರಡೂ ಸೇರಿ ಹತ್ತು ರೂಪಾಯಿ. ಗೆದ್ದ ಚೀಟಿಗೆ ಪೂರ್ತಿ ಹತ್ತು, ಸೋತದ್ದಕ್ಕೆ ಸೊನ್ನೆ. ಇವತ್ತು "ಹೌದು" ಚೀಟಿ ಮೂರೂವರೆ ರೂಪಾಯಿಗೆ ಮಾರಾಟ ಆಗ್ತಿದ್ದರೆ ಜನರ ಒಟ್ಟು ಅಂದಾಜಿನ ಪ್ರಕಾರ ಬರ ಬೀಳುವ ಸಾಧ್ಯತೆ ನೂರಕ್ಕೆ 35. ಯಾರಿಗೆ ಹೆಚ್ಚು ಗೊತ್ತೋ ಅವರು ದುಡ್ಡು ಹಾಕ್ತಾರೆ, ಬೆಲೆ ನಿಜದ ಕಡೆಗೆ ಸರಿಯುತ್ತೆ. ಇದನ್ನೇ ಪ್ರಿಡಿಕ್ಷನ್ ಮಾರ್ಕೆಟ್ ಅನ್ನೋದು. ಅಮೆರಿಕದಲ್ಲಿ ಕಾಲ್ಶಿ ಅನ್ನೋ ಕಂಪನಿ ಕಾನೂನುಬದ್ಧವಾಗಿಯೇ ನ್ಯೂಯಾರ್ಕಿನ ನಾಳಿನ ಗರಿಷ್ಠ ತಾಪಮಾನದ ಮೇಲೆ ವ್ಯಾಪಾರ ನಡೆಸುತ್ತೆ. 2025ರ ಜನವರಿಯಲ್ಲಿ ಲಾಸ್ ಏಂಜಲೀಸಿನಲ್ಲಿ ಮನೆಗಳು ಉರಿಯುತ್ತಿದ್ದಾಗ ಪಾಲಿಮಾರ್ಕೆಟ್ಟಿನಲ್ಲಿ ಬೆಂಕಿ ಎಲ್ಲಿಯವರೆಗೆ ಹಬ್ಬುತ್ತೆ ಅಂತ ಬೆಟ್ ನಡೀತಿತ್ತು.

"ನೀನು ಹಳ್ಳಿಯಿಂದ ಬಂದವನು, ನಿನಗೆ ಡೊಮೇನ್ ಗೊತ್ತು. ಬ್ಯಾಕೆಂಡ್ ನೀನು ನೋಡ್ಕೋ" ಅಂದ. ಕಾನೂನು ಏನಪ್ಪಾ ಅಂದೆ. 2025ರ ಆಗಸ್ಟಿನಲ್ಲಿ ದುಡ್ಡಿನ ಆನ್‌ಲೈನ್ ಆಟಗಳನ್ನು ನಿಷೇಧಿಸೋ ಕಾಯ್ದೆ ಬಂದು, ಪ್ರೋಬೋ ತರದ ಹೌದು-ಇಲ್ಲ ಆ್ಯಪುಗಳೆಲ್ಲ ಅಂಗಡಿ ಮುಚ್ಚಿದವಲ್ಲ. ಅವನ ಹತ್ತಿರ ಉತ್ತರ ರೆಡಿ ಇತ್ತು: ಮೊದಲು ಬರೀ ಪಾಯಿಂಟ್ಸ್, ಆಮೇಲೆ ಡೆರಿವೇಟಿವ್. ಎನ್‌ಸಿಡಿಇಎಕ್ಸ್ ಆಗಲೇ 2025ರ ಜೂನಿನಲ್ಲಿ ಹವಾಮಾನ ಇಲಾಖೆ ಜೊತೆ ಒಪ್ಪಂದ ಮಾಡ್ಕೊಂಡಿದೆ, ಮಳೆ ಮೇಲಿನ ವ್ಯಾಪಾರ ಬರೋದು ಗ್ಯಾರಂಟಿ, ನಾವು ಮುಂಚೆ ರೆಡಿ ಇರೋಣ ಅಂತ.

ಅವತ್ತು ನಾನು ಯೋಚನೆ ಮಾಡಿ ಹೇಳ್ತೀನಿ ಅಂತ ಎದ್ದು ಬಂದೆ. ಈಗ ಹೇಳ್ತಿದ್ದೀನಿ.

ಮೊದಲು ಅವನ ಪರವಾಗಿ ಏನಿದೆಯೋ ಅದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು, ಇಲ್ಲದಿದ್ದರೆ ಇದು ಬರೀ ಬೈಗುಳ ಆಗುತ್ತೆ. ನಮ್ಮ ಹವಾಮಾನ ಇಲಾಖೆ ದೊಡ್ಡ ಬರಗಳನ್ನು ಮುಂಚೆಯೇ ಹೇಳಿದ ಇತಿಹಾಸ ಚೆನ್ನಾಗಿಲ್ಲ. 2002ರಲ್ಲಿ ದೇಶಕ್ಕೆ ವಾಡಿಕೆಯ 101 ಪರ್ಸೆಂಟ್ ಮಳೆ ಅಂದರು, ಬಿದ್ದದ್ದು 81. 2009ರ ಏಪ್ರಿಲಿನಲ್ಲಿ 96 ಅಂದರು, ಬಿದ್ದದ್ದು 78. ಹೀಗೆ ತಪ್ಪು ಹೇಳಿದ್ದಕ್ಕೆ ಯಾವ ವಿಜ್ಞಾನಿಯ ಜೇಬಿನಿಂದಲೂ ಒಂದು ರೂಪಾಯಿ ಹೋಗಲಿಲ್ಲ. ಹೋಗಲೇಬೇಕು ಅಂತ ನಾನು ಹೇಳ್ತಿಲ್ಲ, ಆದರೆ ಗೆಳೆಯನ ವಾದ ಇರೋದೇ ಅಲ್ಲಿ: ಕೈಯಿಂದ ದುಡ್ಡು ಹೋಗುತ್ತೆ ಅಂದಾಗ ಮನುಷ್ಯ ನಿಜ ಹೇಳ್ತಾನೆ. ಇನ್ನು ಯುಗಾದಿ ದಿನ ದೇವಸ್ಥಾನದಲ್ಲಿ ಪಂಚಾಂಗ ಓದಿ ಈ ವರ್ಷ ಇಷ್ಟು ಕೊಳಗ ಮಳೆ ಅಂತ ಹೇಳೋರಿಗಂತೂ ವರ್ಷದ ಕೊನೆಗೆ ಯಾರೂ ಲೆಕ್ಕ ಕೇಳಲ್ಲ.

ಹಾಗಾಗಿ ಬೆಟ್ಟಿಂಗ್ ಪಾಪ, ಜೂಜು ಅನಿಷ್ಟ ಅನ್ನೋ ವಾದ ನನ್ನದಲ್ಲ. ಎಲೆಕ್ಷನ್ ಬಂದರೆ ಕುರಿ, ಬೈಕು, ಕೊನೆಗೆ ಜಮೀನನ್ನೂ ಪಣಕ್ಕಿಡೋ ಊರುಗಳ ಕಡೆಯಿಂದ ಬಂದವನು ನಾನು. ಮಡಿವಂತಿಕೆ ಮಾತಾಡಿದರೆ ನನ್ನ ಜೊತೆ ಓದಿದವರೇ ನಗ್ತಾರೆ. ನನ್ನ ತಕರಾರು ಬೇರೆ. ಬರದ ಮೇಲೆ ಬೆಟ್ಟಿಂಗ್ ಮಾರ್ಕೆಟ್ ನಮ್ಮೂರಲ್ಲಿ ಮೂವತ್ತು ವರ್ಷದಿಂದ ಜೋರಾಗಿ ನಡೀತಿದೆ. ಅದರ ಹೆಸರು ಬೋರ್‌ವೆಲ್.

ಬೇತಮಂಗಲ ನೋಡದವರಿಗೆ ಸ್ವಲ್ಪ ಹೇಳ್ತೀನಿ. ಪಾಲಾರ್ ನದಿಗೆ ಕಟ್ಟಿದ ದೊಡ್ಡ ಕೆರೆ ನಮ್ಮದು. ಊರಿನ ಹಳೇ ಹೆಸರು ವಿಜಯಾದಿತ್ಯಮಂಗಲ, ಬಾಣ ಅರಸರ ಕಾಲದ್ದು. ಬ್ರಿಟಿಷರು ಕೋಲಾರದ ಚಿನ್ನದ ಗಣಿ ತೋಡುವಾಗ ಆ ಪಟ್ಟಣಕ್ಕೆ ಕುಡಿಯೋ ನೀರು ಹೋಗಿದ್ದು ನಮ್ಮ ಕೆರೆಯಿಂದ. ಚಿನ್ನ ಅವರದು, ನೀರು ನಮ್ಮದು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ನದಿ ಅಂತ ಕರೆಸಿಕೊಳ್ಳೋ ಪಾಲಾರಿನಲ್ಲಿ ನಾನು ಹುಡುಗನಾಗಿದ್ದಾಗ ಕಂಡಿದ್ದು ಹೆಚ್ಚಾಗಿ ಮರಳು, ಆಮೇಲೆ ಅದೂ ಲಾರಿ ಹತ್ತಿತು.

ನಮಗೆ ಮೂರು ಎಕರೆ ಹತ್ತು ಗುಂಟೆ ಇತ್ತು. ಅಪ್ಪ ಮೊದಲನೇ ಬೋರ್ ಹಾಕಿಸಿದ್ದು 1998ರಲ್ಲಿ, 380 ಅಡಿಗೆ ಎರಡು ಇಂಚು ನೀರು. ಅದು ಬತ್ತಿತು. 2004ರಲ್ಲಿ ಎರಡನೆಯದು, 760 ಅಡಿ. 2012ರಲ್ಲಿ ಮೂರನೆಯದು, 1,150. 2016ರಲ್ಲಿ ನಾಲ್ಕನೆಯದು 1,340 ಅಡಿ ಹೋಗಿ ಬರೀ ಧೂಳು ಉಗುಳಿತು. ಆ ಧೂಳು ನೋಡಿದ್ದೀರಾ? ವಿಭೂತಿ ತರ ಇರುತ್ತೆ, ಸುತ್ತಲಿನ ಗಿಡ, ಹಸು, ಮನುಷ್ಯರು ಎಲ್ಲ ಬೆಳ್ಳಗಾಗ್ತಾರೆ. ರಾತ್ರಿ ಎರಡು ಗಂಟೆಗೆ ರಿಗ್ ನಿಲ್ಲಿಸಿದಾಗ ಅಪ್ಪನ ರೆಪ್ಪೆ ಮೇಲೂ ಅದೇ ಇತ್ತು. ಬೆಳಗ್ಗೆ ಲಾರಿ ಹೊರಡೋ ಮುಂಚೆ ಅಡಿ ಲೆಕ್ಕ ಹಾಕಿ ದುಡ್ಡು ಎಣಿಸಿ ಕೊಡಬೇಕು. ಆಳ ಹೋದಷ್ಟೂ ಅಡಿಗೆ ರೇಟು ಜಾಸ್ತಿ. ಆ ವರ್ಷ ಒಂದೂವರೆ ಎಕರೆ ಹೋಯಿತು.

ಈಗ ಈ ಮಾರ್ಕೆಟ್ಟಿನಲ್ಲಿ ಯಾರ್ಯಾರು ಇದ್ದಾರೆ ನೋಡಿ. ಕೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲದಲ್ಲಿ ಓಡಾಡೋ ಪಾಯಿಂಟ್ ನೋಡೋನು: ಕಾಯಿ ನೆಟ್ಟಗೆ ನಿಂತ ಕಡೆ ನೀರು. ನೀರು ಬಂದರೂ ಬರದಿದ್ದರೂ ಅವನ ದುಡ್ಡು ಅವನಿಗೆ. ರಿಗ್ ತರಿಸೋ ಏಜೆಂಟು, ನೀರು ಬಂದರೂ ಬರದಿದ್ದರೂ ಕಮಿಷನ್. ತಮಿಳುನಾಡಿನ ತಿರುಚೆಂಗೋಡಿನಿಂದ ಬರೋ ಲಾರಿ, ನೀರು ಬಂದರೂ ಬರದಿದ್ದರೂ ಅಡಿ ಲೆಕ್ಕ. ಕೇಸಿಂಗ್ ಪೈಪಿನ ಅಂಗಡಿ, ಅದೇ ಕಥೆ. ಇವರೆಲ್ಲರ ಮಧ್ಯೆ ನೀರು ಬರುತ್ತೋ ಇಲ್ವೋ ಅನ್ನೋದರ ಮೇಲೆ ನಿಜವಾಗಿ ಬೆಟ್ ಕಟ್ಟಿರೋನು ಒಬ್ಬನೇ. ಅವನ ಹತ್ತಿರ ಇರೋ ಮಾಹಿತಿ ಎಲ್ಲರಿಗಿಂತ ಕಡಿಮೆ, ಹೋಗೋ ದುಡ್ಡು ಎಲ್ಲರಿಗಿಂತ ಜಾಸ್ತಿ.

ದುಡ್ಡು ಹಾಕೋನಿಗೆ ನಿಜ ಗೊತ್ತಿರುತ್ತೆ ಅನ್ನೋ ಸಿದ್ಧಾಂತ ನಮ್ಮ ಹೊಲದಲ್ಲಿ ನಾಲ್ಕು ಸಲ ಪರೀಕ್ಷೆ ಆಗಿದೆ.

ಗೆಳೆಯ ಹೇಳ್ತಾನೆ, ಅಲ್ವೋ, ಅದಕ್ಕೇ ತಾನೆ ನಮ್ಮ ಪ್ರಾಡಕ್ಟು? ನಿಮ್ಮಪ್ಪ ಮೇ ತಿಂಗಳಲ್ಲಿ "ಹೌದು, ಬರ" ಅನ್ನೋ ಚೀಟಿ ಸಾವಿರ ತಗೊಳ್ಳಲಿ. ಮಳೆ ಬಂದರೆ ಮೂರೂವರೆ ಸಾವಿರ ಹೋಯ್ತು, ಬೆಳೆ ಬಂತು. ಬರ ಬಂದರೆ ಹತ್ತು ಸಾವಿರ ಕೈಗೆ. ಹೆಡ್ಜಿಂಗ್!

ಕಾಗದದ ಮೇಲೆ ಸರಿಯಾಗಿದೆ. ಆದರೆ ಮೇ-ಜೂನಿನಲ್ಲಿ ರೈತನ ಕೈಯಲ್ಲಿ ದುಡ್ಡು ಎಲ್ಲಿರುತ್ತೆ? ಅದು ಬೀಜದಲ್ಲಿ, ಗೊಬ್ಬರದಲ್ಲಿ, ಟ್ರಾಕ್ಟರ್ ಬಾಡಿಗೆಯಲ್ಲಿ ಇರುತ್ತೆ. ಅಮ್ಮನ ಓಲೆ ಬ್ಯಾಂಕಿನಲ್ಲಿರುತ್ತೆ. ಅದೂ ಅಲ್ಲದೆ ಈ ವ್ಯವಸ್ಥೆ ಹೊಸದೇನಲ್ಲ. 2016ರಿಂದ ಫಸಲ್ ಬಿಮಾ ಇದೆ, ರೈತ ಮುಂಗಾರಿಗೆ ಎರಡು ಪರ್ಸೆಂಟ್ ಕಟ್ಟಬೇಕು, ಮಿಕ್ಕ ಪ್ರೀಮಿಯಂ ಸರ್ಕಾರಗಳದ್ದು. ಮಾವಿಗೆ ಹವಾಮಾನ ಆಧಾರಿತ ವಿಮೆ ಇದೆ, ಅದು ಬೆಳೆ ನೋಡಲ್ಲ, ಮಳೆ ಮಾಪನ ಯಂತ್ರದ ಅಂಕಿ ನೋಡುತ್ತೆ. ಹೆಚ್ಚು ಕಡಿಮೆ ನಿನ್ನ ಚೀಟಿಯೇ ಅದು. ಅದರ ಕಷ್ಟ ಏನು ಅಂತ ನಮ್ಮ ಕಡೆ ಯಾರನ್ನಾದರೂ ಕೇಳು: ಪಂಚಾಯ್ತಿ ಆಫೀಸಿನ ಹತ್ತಿರ ಇರೋ ಯಂತ್ರದ ಮೇಲೆ ಮಳೆ ಬಿತ್ತು, ಮೂರು ಕಿಲೋಮೀಟರ್ ಆಚೆ ನಮ್ಮ ತೋಟಕ್ಕೆ ಹನಿ ಇಲ್ಲ. ಯಂತ್ರದ ಪ್ರಕಾರ ನಮಗೆ ಬರವೇ ಇಲ್ಲ. ಕೆರೆಯ ಈ ಕಡೆ ನೆನೆದು ಆ ಕಡೆ ಒಣಗಿರೋ ಸಂಜೆಗಳನ್ನು ನಾನೇ ಕಣ್ಣಾರೆ ನೋಡಿದ್ದೀನಿ.

ಅಪ್ಪನಿಗೆ ಫೋನಿನಲ್ಲಿ ಈ ಚೀಟಿ ವ್ಯವಹಾರ ವಿವರಿಸಿದೆ. ಪೂರ್ತಿ ಕೇಳಿ ಅವನು ಅಂದ: "ಅಂಗಂದ್ರೆ ಬರ ಬಂದ್ರೆ ದುಡ್ಡು ಬತ್ತದೆ. ಪಕ್ಕದ ಮನೆಯೋನು ಮಳೆ ಮೇಲೆ ಕಟ್ಟವ್ನೆ, ನಾನು ಬರದ ಮೇಲೆ ಕಟ್ಟಿವ್ನಿ. ಇಬ್ರೂ ಒಂದೇ ದಿನ ಮಾರಮ್ಮನ ಗುಡೀಗೆ ಓದ್ರೆ ಏನಂತ ಬೇಡ್ಕಣಾದು?" ನಾನು ನಕ್ಕೆ. ಅವನು ನಗಲಿಲ್ಲ, ನಿಜವಾಗಿಯೇ ಕೇಳಿದ್ದು.

ಇನ್ನು ನನ್ನ ಕಸುಬಿನ ಕಣ್ಣಿನಿಂದ ನೋಡೋಣ. ಯಾವುದೇ ಸಿಸ್ಟಮ್ ಬರೆಯುವಾಗ ನಾವು ಮೊದಲು ಕೇಳೋ ಪ್ರಶ್ನೆ: ಕೊನೆಗೆ ಹೌದು-ಇಲ್ಲ ಅಂತ ತೀರ್ಮಾನ ಮಾಡೋ ಡೇಟಾ ಎಲ್ಲಿಂದ ಬರುತ್ತೆ, ಅದನ್ನು ಯಾರು ಮುಟ್ಟಬಹುದು?

ಟಿಶ್ಯೂ ಪೇಪರಿನ ಪ್ರಶ್ನೆ ಮತ್ತೆ ಓದಿ. "ಬರ ಬರುತ್ತಾ" ಅಂತಿಲ್ಲ, "ಘೋಷಣೆ ಆಗುತ್ತಾ" ಅಂತಿದೆ. ಇವೆರಡರ ಮಧ್ಯೆ ಒಂದು ದೊಡ್ಡ ಸರ್ಕಾರಿ ಕಟ್ಟಡ ಇದೆ. ಕೇಂದ್ರದ 2016ರ ಬರ ಕೈಪಿಡಿ ಪ್ರಕಾರ ಮೊದಲು ಮಳೆ ಕೊರತೆ ಅಥವಾ ಸತತ ಒಣ ವಾರಗಳು, ಆಮೇಲೆ ಬಿತ್ತನೆ ಪ್ರದೇಶ, ಉಪಗ್ರಹದಿಂದ ಕಂಡ ಹಸಿರು, ಮಣ್ಣಿನ ತೇವ, ಜಲಾಶಯ ಮತ್ತು ಅಂತರ್ಜಲದ ಅಂಕಿಗಳು, ಕೊನೆಗೆ ಆಯ್ದ ಹತ್ತು ಪರ್ಸೆಂಟ್ ಹಳ್ಳಿಗಳಿಗೆ ಹೋಗಿ ಕಣ್ಣಿನಿಂದ ಪರೀಕ್ಷೆ. ಆ ಹೊಲಗಳಲ್ಲಿ ನಿಂತು ಬೆಳೆ ನಷ್ಟ ಇಷ್ಟು ಅಂತ ಬರೆಯೋದು ತಾಲ್ಲೂಕಿನ ಸಣ್ಣ ನೌಕರರು. "ತೀವ್ರ" ಅನ್ನೋ ಒಂದು ಪದದ ಮೇಲೆ ಪರಿಹಾರದ ದುಡ್ಡು ನಿಂತಿರುತ್ತೆ, ಆದ್ದರಿಂದ ಆ ಪದಕ್ಕಾಗಿ ಈಗಲೇ ಎಳೆದಾಟ ಇದೆ. ಅದರ ಮೇಲೆ ನೀನು ಬೆಂಗಳೂರಿನಿಂದ ಇನ್ನೊಂದಷ್ಟು ಲಕ್ಷ ತಂದು ಹೇರ್ತೀಯ. ಅವತ್ತಿನಿಂದ ಹೊಲಕ್ಕೆ ಬಂದ ಗ್ರಾಮ ಲೆಕ್ಕಿಗನ ಫೋನ್ ಎಷ್ಟು ಸಲ ರಿಂಗಾಗುತ್ತೆ ಅಂತ ಯೋಚಿಸಿದ್ದೀಯಾ? ನಿನ್ನ ಮಾರ್ಕೆಟ್ಟಿನಲ್ಲಿ ಅತಿ ಹೆಚ್ಚು ತಿಳುವಳಿಕೆ ಇರೋ ಟ್ರೇಡರ್ ಆಗೋದು ಹವಾಮಾನ ಓದಿದೋನಲ್ಲ, ವರದಿಯ ಫೈಲು ಟೈಪ್ ಮಾಡೋನ ಭಾಮೈದ.

ಘೋಷಣೆ ಬೇಡ, ಯಂತ್ರದ ಅಂಕಿ ಮೇಲೆಯೇ ತೀರ್ಮಾನ ಮಾಡೋಣ ಅಂತೀಯಾ? ಯಂತ್ರ ಇನ್ನೂ ಸುಲಭ. ಅಮೆರಿಕದ ಕೊಲೊರಾಡೊ, ಕನ್ಸಾಸ್ ಕಡೆಯಲ್ಲಿ ಏನಾಯ್ತು ಗೊತ್ತಾ? ಅಲ್ಲಿನ ಮಳೆ ವಿಮೆಗೂ ಇದೇ ಮಾಪನ ಯಂತ್ರಗಳು ಆಧಾರ. ಕೆಲವು ರೈತರು 2016-17ರಲ್ಲಿ ಅವುಗಳ ವೈರು ಕತ್ತರಿಸಿ, ತೂತಿಗೆ ಸಿಲಿಕೋನ್ ಮೆತ್ತಿ, ಮೇಲೆ ಕೇಕ್ ಮಾಡೋ ತಟ್ಟೆ ಮುಚ್ಚಿ ಮಳೆ ಬಂದಿಲ್ಲ ಅಂತ ತೋರಿಸಿ ಪರಿಹಾರ ತಗೊಂಡರು. ಸಿಕ್ಕಿಬಿದ್ದು ಶಿಕ್ಷೆಯೂ ಆಯಿತು. ನಮ್ಮಲ್ಲಿ ಗ್ರಾಮ ಪಂಚಾಯ್ತಿಗೊಂದು ಯಂತ್ರ ಇದೆ. ಮಳೆ ಮೇಲೆ ಕಟ್ಟಿದೋನು ಒಂದು ಬಿಂದಿಗೆ ನೀರು ತರ್ತಾನೆ, ಬರದ ಮೇಲೆ ಕಟ್ಟಿದೋನು ಒಂದು ತಟ್ಟೆ ತರ್ತಾನೆ. ಯಂತ್ರದ ಹತ್ತಿರ ಅವರಿಬ್ಬರೂ ಎದುರುಬದುರಾಗೋ ಸೀನ್ ಸಿನಿಮಾದಲ್ಲಾದರೆ ಚೆನ್ನಾಗಿರುತ್ತೆ.

ಆ ಯಂತ್ರಗಳ ವಿಷಯ ಬಂತಲ್ಲ, ಇದು ನನ್ನ ಮುಖ್ಯ ಮಾತು. 1988ರಲ್ಲೇ ಕರ್ನಾಟಕ ಬರ ನಿಗಾ ಘಟಕ ಅಂತ ಒಂದನ್ನು ಮಾಡಿತು, ದೇಶದಲ್ಲೇ ಮೊದಲನೆಯದು. ಈಗ ಅದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಪಂಚಾಯ್ತಿ ಮಟ್ಟದ ಮಳೆ ಅಂಕಿ, ಹೋಬಳಿ ಮಟ್ಟದ ಹವಾಮಾನ ಕೇಂದ್ರಗಳು, ರೈತ ಫೋನ್ ಮಾಡಿದರೆ ಮಳೆ ಮುನ್ಸೂಚನೆ ಹೇಳೋ ವರುಣಮಿತ್ರ ಸಹಾಯವಾಣಿ, ಎಲ್ಲ ಇದೆ. ಬರ ಬರ್ತಿದೆ ಅಂತ ತಿಳಿಯೋದು ನಮ್ಮ ರಾಜ್ಯದ ಕಷ್ಟವೇ ಅಲ್ಲ.

2023 ನೆನಪಿಸಿಕೊಳ್ಳಿ. ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸು ಎರಡು ಸಾವಿರ ದಾಟಿ ಟಿ.ವಿ.ಗಳೆಲ್ಲ ಕುಣಿದವು. ಆ ರೇಟು ನೋಡಿ ನಮ್ಮ ಕಡೆ ಎಷ್ಟೋ ಜನ ಸಾಲ ಮಾಡಿ ನಾಟಿ ಹಾಕಿದರು, ಕೆಲವರು ಬೋರ್ ಕೂಡ ಹಾಕಿಸಿದರು. ಆಗಸ್ಟ್ ಬಂತು: 1901ರಿಂದ ಲೆಕ್ಕ ಇಟ್ಟಾಗಿನಿಂದ ದೇಶಕ್ಕೆ ಅಷ್ಟು ಒಣ ಆಗಸ್ಟ್ ಇರಲಿಲ್ಲ. ಸೆಪ್ಟೆಂಬರ್ ಹೊತ್ತಿಗೆ ಟೊಮೆಟೊ ರೇಟೂ ಬಿತ್ತು. ಸೆಪ್ಟೆಂಬರ್ 13ಕ್ಕೆ ಸರ್ಕಾರ 195 ತಾಲ್ಲೂಕು ಬರಪೀಡಿತ ಅಂತ ಘೋಷಿಸಿತು, ಮುಂದೆ ಅದು 236ರಲ್ಲಿ 223 ಆಯಿತು. ಅಂದರೆ ಆ ವರ್ಷ ಗೆಳೆಯನ ಮಾರ್ಕೆಟ್ ಇದ್ದಿದ್ದರೆ ಎಲ್ಲ ತಾಲ್ಲೂಕಿನ "ಹೌದು" ಚೀಟಿಯೂ ಒಂಬತ್ತೂವರೆ ರೂಪಾಯಿಗೆ ನಿಂತಿರೋದು. ಭೇಷ್. ಆಮೇಲೆ?

ಆಮೇಲೆ ಏನಾಯ್ತು ಅಂತ ನಿಮಗೇ ಗೊತ್ತು, ನೀವು ಇಲ್ಲೇ ಇದ್ದಿರಿ. ರಾಜ್ಯಕ್ಕೆ ರಾಜ್ಯವೇ ಬರ ಅಂತ ಸರ್ಕಾರಿ ಮೊಹರು ಬಿದ್ದ ಐದಾರು ತಿಂಗಳ ಮೇಲೆ, 2024ರ ಮಾರ್ಚಿನಲ್ಲಿ, ಬೆಂಗಳೂರಿಗೆ ಆಶ್ಚರ್ಯ ಆಯಿತು. ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟ್ ಗ್ರೂಪುಗಳಲ್ಲಿ ಟ್ಯಾಂಕರ್ ನಂಬರ್ ಹಂಚೋಕೆ ಶುರುವಾಯಿತು. ಉಪಮುಖ್ಯಮಂತ್ರಿಗಳು ನಮ್ಮ ಮನೆ ಬೋರೂ ಬತ್ತಿದೆ ಅಂದರು. ಜಿಲ್ಲಾಡಳಿತ ಆಗ ಕೂತು 6,000 ಲೀಟರ್ ಟ್ಯಾಂಕರಿಗೆ ಐದು ಕಿಲೋಮೀಟರ್ ಒಳಗೆ 600 ರೂಪಾಯಿ ಅಂತ ದರ ಕಟ್ಟಿತು. ರಾಜ್ಯ ಕೇಳಿದ್ದ 18,171 ಕೋಟಿ ಪರಿಹಾರದಲ್ಲಿ ಕೇಂದ್ರದಿಂದ 3,454 ಕೋಟಿ ಬಿಡುಗಡೆ ಆಗಿದ್ದು ಸುಪ್ರೀಂ ಕೋರ್ಟಿಗೆ ಹೋದ ಮೇಲೆ, ಏಪ್ರಿಲ್ ಕೊನೆಗೆ. ಘೋಷಣೆಯಾಗಿ ಏಳು ತಿಂಗಳು ಆಗಿತ್ತು. ಇದರಲ್ಲಿ ಯಾವ ಹಂತದಲ್ಲಿ ಯಾರಿಗೆ ಮಾಹಿತಿ ಕೊರತೆ ಇತ್ತು, ಹೇಳಿ ನೋಡೋಣ.

(ನಮ್ಮ ಜಿಲ್ಲೆಯ ಕೆರೆಗಳಿಗೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬರ್ತಿರೋದು ನೀವು ಬಳಸಿ ಬಿಟ್ಟ ನೀರು, ಎರಡು ಹಂತ ಶುದ್ಧಿ ಮಾಡಿದ್ದು. ಮೂರನೇ ಹಂತಕ್ಕೆ ಜನ ಇನ್ನೂ ಹೋರಾಡ್ತಿದ್ದಾರೆ. ಫ್ಲಶ್ ಮಾಡುವಾಗ ಒಮ್ಮೆ ಕೋಲಾರ ನೆನೆಸಿಕೊಳ್ಳಿ, ಅಷ್ಟೇ.)

ಒಂದು ವೇಳೆ ಮಾರ್ಕೆಟ್ ನಿಜಕ್ಕೂ ಚೆನ್ನಾಗಿ ಭವಿಷ್ಯ ಹೇಳ್ತು ಅಂತಲೇ ಇಟ್ಟುಕೊಳ್ಳೋಣ. ಅದು ಇನ್ನೂ ಅಪಾಯ, ಯಾಕೆ ಅಂತ ಹೇಳ್ತೀನಿ. ಕೋಲಾರದ ಟೊಮೆಟೊ ಬೆಳೆಗಾರನಿಗೆ ನಾಟಿ ಹೊತ್ತಿಗೆ ದುಡ್ಡು ಕೊಡೋದು ಎಷ್ಟೋ ಸಲ ಮಂಡಿಯವನು. ಗೊಬ್ಬರದ ಅಂಗಡಿಯವನು ಉದ್ರಿ ಬರ್ಕೊಳ್ತಾನೆ. ಮೇ ತಿಂಗಳಲ್ಲಿ ಅವರ ಫೋನಿನಲ್ಲಿ "ಕೆಜಿಎಫ್ ತಾಲ್ಲೂಕು, ಬರ, 70 ಪರ್ಸೆಂಟ್" ಅಂತ ಬಂದರೆ ಮೊದಲು ಆಗೋದು ಏನು? ಉದ್ರಿ ಬಂದ್. ಮೇವಿನ ರೇಟು ಏರುತ್ತೆ. ಹಸು ಮಾರೋಕೆ ಹೋದರೆ ಕೊಳ್ಳೋನು ಆಗಲೇ ಬರದ ರೇಟಿಗೆ ಕೇಳ್ತಾನೆ. ಟ್ಯಾಂಕರಿನವನು ಎರಡನೇ ಟ್ಯಾಂಕರ್ ಬುಕ್ ಮಾಡ್ತಾನೆ. ದುಡ್ಡಿರೋ ಪ್ರತಿಯೊಬ್ಬನೂ ಆ ಅಂಕಿಯಿಂದ ಏನೋ ಒಂದು ಮಾಡಿಕೊಳ್ಳಬಹುದು. ಮೂರು ಎಕರೆಯವನು ಏನು ಮಾಡ್ತಾನೆ? ಜಮೀನನ್ನು ಎತ್ತಿಕೊಂಡು ಮಳೆ ಇರೋ ಕಡೆ ಹೋಗ್ತಾನಾ? ಅಕ್ಟೋಬರಿನಲ್ಲಿ ಬೀಳಬೇಕಾದ ಏಟು ಅವನಿಗೆ ಮೇ ತಿಂಗಳಲ್ಲೇ ಬೀಳುತ್ತೆ. ಒಂದು ವೇಳೆ ಮುಂಗಾರು ಚೆನ್ನಾಗಿಯೇ ಬಂತು ಅನ್ನಿ, ಉಳಿದ 30 ಪರ್ಸೆಂಟೇ ನಿಜ ಆಯಿತು. ಆಗ ಬಿತ್ತದೆ ಬಿಟ್ಟ ರಾಗಿಗೆ ಯಾರು ಪರಿಹಾರ ಕೊಡ್ತಾರೆ? ನಿನ್ನ ಆ್ಯಪಾ?

ಇದೆಲ್ಲ ಹೊಸ ಕಾಲದ ಐಡಿಯಾ ಅನ್ನೋರಿಗೆ ಒಂದು ಹಳೇ ಕಥೆ. ನೂರಿಪ್ಪತ್ತು ವರ್ಷಕ್ಕೂ ಹಿಂದೆ ಕಲ್ಕತ್ತೆಯ ಬಡಾ ಬಜಾರಿನಲ್ಲಿ ಮಾರ್ವಾಡಿ ವ್ಯಾಪಾರಿಗಳು ಮಳೆ ಮೇಲೆ ಜೋರು ಸಟ್ಟಾ ನಡೆಸ್ತಿದ್ದರು. ಮಾಳಿಗೆಯ ನೀರುದೋಣಿಯಿಂದ ಇಂಥ ಹೊತ್ತಿನೊಳಗೆ ನೀರು ಸುರಿಯುತ್ತಾ ಇಲ್ವಾ, ಇಷ್ಟೇ ಪ್ರಶ್ನೆ. ಹೌದು, ಇಲ್ಲ. 1897ರಲ್ಲಿ ಬಂಗಾಳ ಸರ್ಕಾರ ಕಾನೂನು ತಂದು ನಿಲ್ಲಿಸಿತು. ಮೋಡ ನೋಡಿ ಮಳೆ ಹೇಳೋ ಘಟಾನುಘಟಿಗಳು ಆ ಬಜಾರಿನಲ್ಲಿ ಇದ್ದಿರಬೇಕು, ನನಗೇನೂ ಅನುಮಾನವಿಲ್ಲ. ಆ ತಿಳುವಳಿಕೆ ಕೆಲಸಕ್ಕೆ ಬಂದಿದ್ದು ಅವರವರ ಗಲ್ಲಾಪೆಟ್ಟಿಗೆಗೆ. ಯಾವ ಹೊಲಕ್ಕೆ ಹೋಗಿತ್ತು ಅದು?

ಇಷ್ಟೆಲ್ಲ ಬರೆದು ಗೆಳೆಯನಿಗೆ ಕಳಿಸಿದೆ. ಅವನು ಬುದ್ಧಿವಂತ, ಕೋಪ ಮಾಡಿಕೊಳ್ಳಲಿಲ್ಲ. "ಸರಿ, ಎಲ್ಲ ಬೇಡ ಅಂತೀಯ. ನೀನೇ ಒಂದು ಕಾಂಟ್ರಾಕ್ಟ್ ಬರಿ ನೋಡೋಣ" ಅಂದ.

ಬರೆದೆ. "ತಾಲ್ಲೂಕು ಬರಪೀಡಿತ ಅಂತ ಘೋಷಣೆಯಾದ 60 ದಿನದೊಳಗೆ ಪರಿಹಾರ ರೈತನ ಅಕೌಂಟಿಗೆ ಬೀಳುತ್ತಾ? ಹೌದು ಅಥವಾ ಇಲ್ಲ." ಇದರಲ್ಲಿ "ಹೌದು" ಚೀಟಿ ಕೊಳ್ಳಬೇಕಾದವರು ಮೂರೇ ಗುಂಪು: ಪರಿಹಾರ ಮಂಜೂರು ಮಾಡೋ ಮಂತ್ರಿಗಳು, ಫೈಲಿಗೆ ಸಹಿ ಹಾಕೋ ಅಧಿಕಾರಿಗಳು, ವಿಮಾ ಕಂಪನಿಗಳ ದೊಡ್ಡವರು. ಸ್ವಂತ ಸಂಬಳದಿಂದ ಕೊಳ್ಳಬೇಕು. "ಇಲ್ಲ" ಚೀಟಿ ಎಲ್ಲ ರೈತರಿಗೂ ಫ್ರೀ. ಇನ್ನೊಂದು ಬೇಕಾದರೆ ಬೋರ್‌ವೆಲ್ಲಿಗೂ ಮಾಡು: ಪಾಯಿಂಟ್ ನೋಡೋನು, ಏಜೆಂಟು, ರಿಗ್ಗಿನವನು ಮೂವರೂ ನೀರು ಬರುತ್ತೆ ಅನ್ನೋದರ ಮೇಲೆ ತಮ್ಮ ಅರ್ಧ ಕೂಲಿ ಇಡಬೇಕು, ಆಮೇಲೆ ಲಾರಿ ಸ್ಟಾರ್ಟ್ ಮಾಡಲಿ. ಇವೆರಡಕ್ಕಾದರೆ ಬ್ಯಾಕೆಂಡ್ ಏನು, ಫ್ರಂಟೆಂಡೂ ನಾನೇ ಬರೀತೀನಿ, ರಾತ್ರಿ ಹೊತ್ತು ಕೂತು, ಪುಕ್ಕಟೆ.

"ಇದಕ್ಕೆ ಯಾವ ಇನ್ವೆಸ್ಟರ್ ಬರ್ತಾನೆ ಗುರು" ಅಂದ. ಅದೂ ನಿಜ.

ನಿನ್ನೆ ಅಪ್ಪ ಫೋನ್ ಮಾಡಿದ್ದ. 2021ರ ನವೆಂಬರಿನಲ್ಲಿ ಜಿಲ್ಲೆಯ ಕೆರೆಗಳು ಕೋಡಿ ಹರಿದಾಗ ಏರಿದ ನೀರಿನಿಂದ ಮೂರನೇ ಬೋರು ಇಷ್ಟು ದಿನ ಎಳೀತಿತ್ತು, ಈಗ ಅದೂ ಬಿಟ್ಟುಬಿಟ್ಟು ಬರ್ತಿದೆಯಂತೆ. ಯಾರೋ ಮುಳಬಾಗಿಲು ಕಡೆಯ ಪಾಯಿಂಟ್ ನೋಡೋನನ್ನ ಕರೆಸಿದ್ದಾನೆ. ಬದುವಿನ ಹತ್ತಿರ, ಹಳೇ ಹುಣಸೆಮರದಿಂದ ಇಪ್ಪತ್ತು ಹೆಜ್ಜೆ, ಕಾಯಿ ನೆಟ್ಟಗೆ ನಿಂತಿದೆ. 1,600 ಅಡಿ ಆಗಬಹುದು ಅಂತ ಏಜೆಂಟ್ ಹೇಳಿದ್ದಾನೆ. ಅಡ್ವಾನ್ಸು ಅರವತ್ತು ಸಾವಿರ ಬೇಕು, ಶುಕ್ರವಾರದೊಳಗೆ.

ಇವತ್ತು ಬುಧವಾರ. ನಾನಿನ್ನೂ ಕಳಿಸಿಲ್ಲ.